ಕೈ ಬಂತು, ಕಾಲು ಇನ್ನೂ ಬಂದಿಲ್ಲ

ಮಾನ್ಯ ಸಂಪಾದಕರೇ,

ಸಂಧಿವಾತದ ಹೊಸ ಇಂಜೆಕ್ಷನ್ ಬಗ್ಗೆ ಇತ್ತೀಚೆಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಓಣಿಯಲ್ಲಿ ಇಬ್ಬರು ಅದನ್ನು ಕತ್ತರಿಸಿ ತಂದು ನನ್ನ ಕೈಗೇ ಕೊಟ್ಟರು. ಹಾಸಿಗೆ ಹಿಡಿದಿದ್ದವರು ಎದ್ದು ಓಡಾಡಿದ್ದು, ಮೂರೇ ತಿಂಗಳಿಗೆ ನೋವು ಹೋಗಿದ್ದು ಎಲ್ಲ ಅದರಲ್ಲಿತ್ತು. ಅದು ಸುಳ್ಳಲ್ಲ. ಅಂಥವರನ್ನು ಹುಬ್ಬಳ್ಳಿಯ ದವಾಖಾನೆಯ ಬಾಕಿನ ಮೇಲೆ ಕೂತು ನಾನೇ ಕಣ್ಣಾರೆ ನೋಡಿದ್ದೇನೆ. ಆದರೆ ಅದೇ ಬಾಕಿನ ಮೇಲೆ ನನ್ನಂಥವರೂ ಕೂತಿರುತ್ತಾರೆ, ಅರ್ಧ ಗುಣ ಆದವರು. ನಮ್ಮ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಕಾಗದ.

ನಾನು ಗದಗದ ಬೆಟಗೇರಿಯವಳು. 20 ವರ್ಷದಿಂದ ಮನೆಯಲ್ಲೇ ಜಂಪರ ಹೊಲಿಯುತ್ತೇನೆ. ಆರು ವರ್ಷದ ಹಿಂದೆ ಒಂದು ದಿನ ಬೆಳಿಗ್ಗೆ ಕತ್ತರಿ ಹಿಡಿಕೆಯೊಳಗೆ ಹೆಬ್ಬೆರಳು ಹೋಗಲಿಲ್ಲ. ಊದಿತ್ತು. ಹಿಂದಿನ ದಿನ ಜಾಸ್ತಿ ಕತ್ತರಿಸಿದ್ದಕ್ಕೆ ಇರಬೇಕು ಅಂತ ಸುಮ್ನಾದೆ. ವಾರ ಕಳೆಯೋದರೊಳಗೆ ಎರಡೂ ಕೈಯ ಗೆಣ್ಣು, ಮಣಿಕಟ್ಟು, ಆಮೇಲೆ ಪಾದ. ಬೆಳಿಗ್ಗೆ ಎದ್ದರೆ ಎರಡು ತಾಸು ಮುಷ್ಟಿ ಕಟ್ಟೋಕೆ ಆಗುತ್ತಿರಲಿಲ್ಲ. ಎಲ್ಲರೂ ಮಾಡುವಂತೆ ನಾನೂ ಮೊದಲು ಎಣ್ಣೆ ತಿಕ್ಕಿದೆ, ಯಾರೋ ಹೇಳಿದ ವಾಯುವಿನ ಪುಡಿ ನುಂಗಿದೆ. ಪುಡಿಯಿಂದ ಎರಡೇ ದಿನಕ್ಕೆ ಹಗುರಾಯಿತು, ಮುಖ ಮಾತ್ರ ದುಂಡಗೆ ಊದಿಕೊಂಡಿತು. ಅದರಲ್ಲಿ ಸ್ಟಿರಾಯ್ಡ್ ಬೆರೆಸಿರಬೇಕು ಅಂತ ಆಮೇಲೆ ಡಾಕ್ಟರು ಹೇಳಿದರು. ಹೀಗೆ ಒಂದು ವರ್ಷ ಹಾಳಾಯಿತು, ಅದರ ಬಗ್ಗೆ ನನಗೆ ಇವತ್ತಿಗೂ ಸಂಕಟ ಇದೆ, ಯಾಕಂದರೆ ಈ ರೋಗದಲ್ಲಿ ಮೊದಲ ತಿಂಗಳುಗಳೇ ಮುಖ್ಯ, ಮೂಳೆ ಒಮ್ಮೆ ಸವೆದರೆ ಯಾವ ಔಷಧದಿಂದಲೂ ಹಳೇ ಹಾಗೆ ಆಗೋದಿಲ್ಲ.

ರೋಗದ ಹೆಸರು ರುಮಟಾಯ್ಡ್ ಆರ್ಥ್ರೈಟಿಸ್. ವಯಸ್ಸಾದ ಮೇಲೆ ಮೊಣಕಾಲು ಸವೆದು ಬರುವ ನೋವೇ ಬೇರೆ, ಇದೇ ಬೇರೆ. ರೋಗಾಣುಗಳ ಜೊತೆ ಹೋರಾಡಬೇಕಾದ ಮೈಯೊಳಗಿನ ಕಾವಲು ನಮ್ಮ ಸಂದುಗಳ ಮೇಲೆಯೇ ತಿರುಗಿ ಬೀಳುತ್ತದೆ. ಮೆಥೊಟ್ರೆಕ್ಸೇಟ್ ಗುಳಿಗೆ ಶುರುವಾಯಿತು, ಅದಕ್ಕೆ ಇನ್ನೆರಡು ಗುಳಿಗೆ ಸೇರಿದವು. ಎರಡು ವರ್ಷ ನೋಡಿದರೂ ಊತ ಇಳಿಯದಿದ್ದಾಗ ಬಯಾಲಜಿಕ್ ಅನ್ನುವ ಇಂಜೆಕ್ಷನ್ ಬರೆದುಕೊಟ್ಟರು. ನನ್ನದು ಅಡಾಲಿಮುಮಾಬ್, 40 ಮಿಲಿಗ್ರಾಂ, ಎರಡು ವಾರಕ್ಕೊಮ್ಮೆ. ಮೈಯಲ್ಲಿ ಟಿಎನ್‌ಎಫ್ ಅನ್ನುವ ಒಂದು ವಸ್ತು ಉರಿಯೂತ ಎಬ್ಬಿಸುತ್ತಿರುತ್ತದೆ, ಇದು ಅದನ್ನು ಹಿಡಿದು ಹಾಕುತ್ತದೆ. ಆದರೆ ಮೈಯೊಳಗೆ ಅಡಗಿರುವ ಕ್ಷಯದ ಕ್ರಿಮಿಯನ್ನು ಕಟ್ಟಿಹಾಕಿ ಇಟ್ಟಿರೋದೂ ಅದೇ ಟಿಎನ್‌ಎಫ್. ಹಾಗಾಗಿ ಮೊದಲು ಎದೆಯ ಎಕ್ಸ್‌ರೇ, ಮುಂಗೈಗೆ ಚುಚ್ಚಿ ಮಾಡುವ ಮಾಂಟೂ ಪರೀಕ್ಷೆ ಆಗಲೇಬೇಕು. ನನ್ನ ಮುಂಗೈ ಕೆಂಪಗೆ ದಪ್ಪಗಾಯಿತು. ರೋಗ ಇರಲಿಲ್ಲ, ಕ್ರಿಮಿ ಮಲಗಿತ್ತು, ಅಷ್ಟೇ. ಮುಂದೆ ಏಳಬಾರದು ಅಂತ ಆರು ತಿಂಗಳ ಗುಳಿಗೆ ಕೊಟ್ಟರು, ಅದರಲ್ಲಿ ಮೊದಲ ತಿಂಗಳದ್ದು ಮುಗಿದ ಮೇಲೆಯೇ ಇಂಜೆಕ್ಷನ್. ಆ ಹೊತ್ತಿಗೆ ಓಣಿಯಲ್ಲಿ ನನಗೆ ಟಿಬಿ ಅಂತ ಸುದ್ದಿ ಹಬ್ಬಿ, ಎರಡು ಮನೆಯವರು ಹೊಲಿಯೋಕೆ ಕೊಟ್ಟ ಬಟ್ಟೆ ವಾಪಸ್ ಒಯ್ದರು.

ಮೂರನೇ ಇಂಜೆಕ್ಷನ್ ಆದ ಮೇಲೆ ಒಂದು ದಿನ ಮಗಳು ಬಡಿಯುತ್ತಿದ್ದ ರೊಟ್ಟಿಯನ್ನು ಸುಮ್ನೆ ನಾನು ಮುಂದುವರಿಸಿದೆ. ಹಿಟ್ಟಿನ ಮೇಲೆ ಅಂಗೈ ಪೂರ್ತಿ ಅಗಲವಾಗಿ ಬಿತ್ತು. ಎರಡೂವರೆ ವರ್ಷ ಆಗಿತ್ತು ನಾನು ರೊಟ್ಟಿ ಬಡಿದು. ಸಪ್ಪಳ ಕೇಳಿ ನಮ್ಮ ಮನೆಯವರು ಪಡಸಾಲೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತರು, ಏನೂ ಮಾತಾಡಲಿಲ್ಲ. ಅವತ್ತು ನಾಲ್ಕು ರೊಟ್ಟಿ ಮಾಡಿದೆ. ಕತ್ತರಿ ಹಿಡಿದೆ, ಹುಕ್ಕು ಹಚ್ಚಿದೆ, ಸೆರಗಿಗೆ ಕುಚ್ಚು ಕಟ್ಟಿದೆ. ಕೈ ಬಂತು!

ಕಾಲು ಬರಲಿಲ್ಲ. ಬಲ ಪಾದದ ಬೆರಳ ಬುಡ, ಎರಡೂ ಹರಡು, ಅಂದರೆ ಪಾದ ಕಾಲಿಗೆ ಕೂಡುವ ಸಂದು, ಹಾಗೇ ಉಳಿದವು. ಬೆಳಿಗ್ಗೆ ನೆಲಕ್ಕೆ ಕಾಲಿಟ್ಟರೆ ಬೆಣಚುಕಲ್ಲಿನ ಮೇಲೆ ನಿಂತ ಹಾಗೆ. ನನ್ನದು ಕಾಲಿನಿಂದ ತುಳಿಯುವ ಮಷಿನ್. ಮೋಟಾರ್ ಹಾಕಿಸಿದೆ, ಆದರೂ ಒತ್ತಬೇಕಾದ್ದು ಪಾದದಿಂದಲೇ. ಕೈಯಲ್ಲಿ ಮಾಡುವ ಕೆಲಸ ಎಷ್ಟು ಬೇಕಾದರೂ ಮಾಡುತ್ತೇನೆ, ಮಷಿನ್ ಮುಂದೆ ಅರ್ಧ ತಾಸಿಗಿಂತ ಜಾಸ್ತಿ ಕೂರೋಕೆ ಆಗಲ್ಲ. ಇನ್ನೊಂದು ಸಂಗತಿ ಅಂದರೆ, ಇಂಜೆಕ್ಷನ್ ಆದ ಹತ್ತು ದಿನ ಕೈ ಚೆನ್ನಾಗಿರುತ್ತದೆ, ಹನ್ನೊಂದನೇ ದಿನದಿಂದ ಗೆಣ್ಣು ಮತ್ತೆ ಬಿಸಿಯಾಗುತ್ತವೆ. ಹಾಗಾಗಿ ಲಗ್ನದ ಬಟ್ಟೆ ಒಪ್ಪಿಕೊಳ್ಳುವಾಗ ನಾನು ಕ್ಯಾಲೆಂಡರಿನಲ್ಲಿ ಮುಹೂರ್ತದ ಜೊತೆ ಇಂಜೆಕ್ಷನ್ ದಿನವನ್ನೂ ನೋಡುತ್ತೇನೆ.

ಇಲ್ಲಿ ನನಗೆ ತಡವಾಗಿ ತಿಳಿದ ಒಂದು ವಿಷಯ ಹೇಳಲೇಬೇಕು. ಔಷಧ ಎಷ್ಟು ಕೆಲಸ ಮಾಡಿದೆ ಅಂತ ಅಳೆಯೋಕೆ ಡಾಕ್ಟರು 28 ಸಂದುಗಳನ್ನು ಒತ್ತಿ ನೋಡಿ ಎಣಿಸುತ್ತಾರೆ, ಉರಿಯೂತ ಎಷ್ಟಿದೆ ಅಂತ ತೋರಿಸುವ ರಕ್ತಪರೀಕ್ಷೆಯ ಇಎಸ್‌ಆರ್ ಇಲ್ಲವೇ ಸಿಆರ್‌ಪಿ ಸೇರಿಸುತ್ತಾರೆ, ನಮಗೆ ಹೇಗನ್ನಿಸುತ್ತದೆ ಅಂತಲೂ ಕೇಳಿ ಒಂದು ಅಂಕ ತೆಗೆಯುತ್ತಾರೆ. ಅದಕ್ಕೆ ಡಾಸ್ 28 ಅಂತ ಹೆಸರು. 5.1ಕ್ಕಿಂತ ಮೇಲಿದ್ದರೆ ರೋಗ ಜೋರು, 2.6ಕ್ಕಿಂತ ಕೆಳಗಿದ್ದರೆ ತಣ್ಣಗಾಗಿದೆ ಅಂತ ಲೆಕ್ಕ. ನನ್ನದು 5.9 ಇದ್ದದ್ದು 3.7ಕ್ಕೆ ಬಂತು. ಡಾಕ್ಟರಿಗೆ ಖುಷಿ. ಆದರೆ ಆ 28ರಲ್ಲಿ ಇರುವುದು ಭುಜ, ಮೊಣಕೈ, ಮಣಿಕಟ್ಟು, ಕೈಬೆರಳು, ಮೊಣಕಾಲು. ಪಾದ ಇಲ್ಲ, ಹರಡೂ ಇಲ್ಲ! ನನ್ನ ಹೊಟ್ಟೆಪಾಡು ನಿಂತಿರುವ ಸಂದುಗಳೇ ಎಣಿಕೆಯಲ್ಲಿ ಬರೋದಿಲ್ಲ. ಇದು ಡಾಕ್ಟರ ತಪ್ಪಲ್ಲ, ಜಗತ್ತಿನ ಬಹಳ ಕಡೆ ಹೀಗೇ ಎಣಿಸುತ್ತಾರೆ. ನಾನೂ ಅಂಕ ಇಳಿದಿದೆಯಲ್ಲ, ಇನ್ನೇನು ಹೇಳೋದು ಅಂತ ಎರಡು ಭೇಟಿಯಲ್ಲಿ ಸುಮ್ನೆ ಎದ್ದು ಬಂದೆ. ಮೂರನೇ ಸಲ ಚಪ್ಪಲಿ ಬಿಚ್ಚಿ ಪಾದ ತೋರಿಸಿದೆ. ಅವರು ಬಗ್ಗಿ ಒಂದೊಂದೇ ಬೆರಳು ಒತ್ತಿ ನೋಡಿ, ಮೊದಲೇ ಯಾಕೆ ಹೇಳಲಿಲ್ಲ ತಾಯಿ ಅಂದರು. ಈ ರೋಗ ಇರುವ ಅಕ್ಕತಂಗಿಯರಿಗೆ, ಅಣ್ಣಂದಿರಿಗೆ ನನ್ನ ವಿನಂತಿ ಇಷ್ಟೇ: ಕೇಳದಿದ್ದರೂ ಚಪ್ಪಲಿ ಬಿಚ್ಚಿ ತೋರಿಸಿ.

ತಪ್ಪು ನನ್ನದೂ ಇದೆ. ಇಂಜೆಕ್ಷನ್ ಇದೆಯಲ್ಲ ಅಂತ ನಡುವೆ ನಾಲ್ಕು ತಿಂಗಳು ಮೆಥೊಟ್ರೆಕ್ಸೇಟ್ ಬಿಟ್ಟುಬಿಟ್ಟಿದ್ದೆ. ಅದನ್ನು ನುಂಗಿದ ಮರುದಿನ ಹೊಟ್ಟೆ ತೊಳಸುತ್ತದೆ, ಚಹಾದ ವಾಸನೆಯೂ ಬೇಡ ಅನ್ನಿಸುತ್ತದೆ. ಆದರೆ ಬಯಾಲಜಿಕ್ ಒಂದು ಪ್ರೋಟೀನು. ಇದು ಹೊರಗಿನದು ಅಂತ ಮೈ ಅದರ ವಿರುದ್ಧವೇ ಪ್ರತಿಕಾಯ ತಯಾರಿಸಿಕೊಳ್ಳಬಹುದು, ಆಗ ಔಷಧದ ಬಲ ಕುಂದುತ್ತದೆ. ಮೆಥೊಟ್ರೆಕ್ಸೇಟ್ ಜೊತೆಗಿದ್ದರೆ ಹಾಗಾಗೋದು ಕಡಿಮೆ. ಹತ್ತನೇ ದಿನಕ್ಕೇ ಬಲ ಇಳಿಯೋಕೆ ಅದೂ ಒಂದು ಕಾರಣ ಇರಬಹುದು ಅಂತ ಡಾಕ್ಟರು ಅಂದರು. ಆ ಗುಳಿಗೆ ವಾರಕ್ಕೆ ಒಂದೇ ದಿನ, ಇದನ್ನೂ ದೊಡ್ಡದಾಗಿ ಅಚ್ಚು ಹಾಕಿ. ಬೇರೆ ಗುಳಿಗೆಯಂತೆ ದಿನಾ ನುಂಗಿದರೆ ಜೀವಕ್ಕೇ ಅಪಾಯ. ನಾನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ‘ರವಿವಾರ’ ಅಂತ ಬರೆದಿಟ್ಟಿದ್ದೇನೆ.

ಖರ್ಚಿನ ಮಾತು. ಭಾರತದಲ್ಲೇ ತಯಾರಾದ ಅಡಾಲಿಮುಮಾಬ್ 2014ರ ಡಿಸೆಂಬರಿನಲ್ಲಿ ಬಂದ ಮೇಲೆ ಬೆಲೆ ಇಳಿಯಿತು ಅನ್ನೋದು ನಿಜ. ಆದರೂ ಒಂದು ಇಂಜೆಕ್ಷನ್ನಿನ ದುಡ್ಡು ನನ್ನ ಒಂದು ತಿಂಗಳ ಹೊಲಿಗೆ ದುಡಿಮೆಗಿಂತ ಜಾಸ್ತಿ. ನಮ್ಮ ವಿಮೆಯವರನ್ನು ಕೇಳಿದರೆ ದವಾಖಾನೆಯಲ್ಲಿ ದಾಖಲಾದರೆ ಮಾತ್ರ ಅಂದರು. ಮನೆಯಲ್ಲಿ ತೊಡೆಗೆ ಚುಚ್ಚಿಕೊಳ್ಳುವ ಔಷಧಕ್ಕೆ ದಾಖಲಾಗೋದು ಹೇಗೆ? ಅದನ್ನು ತರೋದೂ ಒಂದು ಕೆಲಸ. 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು, ಹೆಪ್ಪುಗಟ್ಟಬಾರದು. ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಚೀಲದ ನಡುವೆ ಇಟ್ಟು ಹುಬ್ಬಳ್ಳಿಯಿಂದ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬರುತ್ತೇನೆ. ಅಣ್ಣಿಗೇರಿಯಲ್ಲಿ ರೈಲು ನಿಂತಾಗ ಒಮ್ಮೆ ಡಬ್ಬಿಯ ಹೊರಮೈ ಮುಟ್ಟಿ ನೋಡಿಕೊಳ್ಳದಿದ್ದರೆ ಸಮಾಧಾನ ಇಲ್ಲ. ಬೇಸಿಗೆಯಲ್ಲಿ ಕರೆಂಟ್ ಹೋದರೆ ಫ್ರಿಜ್ ಬಾಗಿಲು ಯಾರೂ ತೆಗೆಯಬಾರದು ಅಂತ ಮನೆಯಲ್ಲಿ ಕಟ್ಟಪ್ಪಣೆ.

ಶಕ್ತಿ ಯೋಜನೆಯಲ್ಲಿ ಬಸ್ಸಿಗೆ ಟಿಕೆಟ್ ಇಲ್ಲ, ಆದರೂ ನಾನು ರೈಲಿಗೇ ಹೋಗೋದು, ಬಸ್ಸಿನ ಮೊದಲ ಮೆಟ್ಟಿಲು ಹತ್ತೋಕೆ ನನ್ನ ಕಾಲಿಂದ ಆಗಲ್ಲ. ಹುಬ್ಬಳ್ಳಿಯಲ್ಲಿ ಇಳಿದರೆ 1507 ಮೀಟರಿನ ಪ್ಲಾಟ್‌ಫಾರ್ಮ್, ಜಗತ್ತಿನಲ್ಲೇ ಉದ್ದದ್ದು. ನಮ್ಮ ಭಾಗಕ್ಕೆ ಹೆಮ್ಮೆಯ ಮಾತು. ಆದರೆ ನಾನು ಕೂತ ರೈಲು ಡಬ್ಬಿ ಎಲ್ಲಿ ನಿಲ್ಲುತ್ತದೆ ಅನ್ನೋದರ ಮೇಲೆ ನನ್ನ ಇಡೀ ದಿನ ನಿಂತಿರುತ್ತದೆ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ ಮಾಡಿದವರಿಗೆ ಮಾತ್ರ ಕೈ ಮುಗಿಯುತ್ತೇನೆ, ಬಾಗಿಲು ನಿಲ್ದಾಣದ ಮಟ್ಟಕ್ಕೇ ಇದೆ, ಕಾಲು ಎತ್ತಬೇಕಾಗಿಲ್ಲ.

ಜನರ ಮಾತಿಗೆ ಬರುತ್ತೇನೆ. ನಮ್ಮ ಕಡೆ ಸಿಕ್ಕವರೆಲ್ಲ ಮೊದಲು ಕೇಳೋದು ‘ಆರಾಮ ಅದೀರೇನ್ರಿ?’ ಅಂತ. ಇದಕ್ಕೆ ಏನು ಹೇಳಲಿ? ಹೌದು ಅಂದರೆ ಮರುದಿನ ಕುಂಟುವುದನ್ನು ನೋಡಿ ನಾಟಕ ಅಂತಾರೆ. ಇಲ್ಲ ಅಂದರೆ ‘ಅಷ್ಟು ರೊಕ್ಕ ಹಾಕಿ ಏನು ಬಂತವಾ, ಬಿಟ್ಟುಬಿಡು’ ಅಂತಾರೆ. ಬಿಡೋಕೆ ನಾನು ತಯಾರಿಲ್ಲ. ಮೆಥೊಟ್ರೆಕ್ಸೇಟ್ ಸಾಲದವರಿಗೆ ಈ ಜಾತಿಯ ಔಷಧ ಕೊಟ್ಟು ನೋಡಿದ ಅಧ್ಯಯನಗಳಲ್ಲಿ ಸುಮಾರಾಗಿ ಹತ್ತರಲ್ಲಿ ಆರು ಜನಕ್ಕೆ ಶೇ 20ರಷ್ಟಾದರೂ ಸುಧಾರಣೆ ಆಗಿದೆ, ಆ ಆರರಲ್ಲೇ ನಾಲ್ಕು ಜನಕ್ಕೆ ಅರ್ಧದಷ್ಟು, ಅವರಲ್ಲೂ ಇಬ್ಬರಿಗೆ ಮಾತ್ರ ಶೇ 70ರಷ್ಟು. ಅಂದಮೇಲೆ ಅರ್ಧ ಗುಣ ಆದವರೇ ಬಹಳ ಜನ ಇದ್ದೇವೆ ಅಲ್ವಾ? ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ, ನನಗೇ ಏನೋ ಕೊರತೆ ಇದೆ, ನನ್ನ ಮೈಯೇ ಸರಿಯಿಲ್ಲ ಅಂತ ರಾತ್ರಿಯೆಲ್ಲ ಅಳುತ್ತಿರಲಿಲ್ಲ.

ಮುಂದೆ ದಾರಿ ಇದೆ. ಬೇರೆ ಬಯಾಲಜಿಕ್‌ಗೆ ಬದಲಿಸಬಹುದು, ರಿಟುಕ್ಸಿಮಾಬ್ ಇದೆ, ಟೊಫಾಸಿಟಿನಿಬ್ ಅನ್ನುವ ಗುಳಿಗೆ ಇದೆ. ಬದಲಿಸಿದರೆ ಈಗ ಬಂದಿರುವ ಕೈಯೂ ಹೋದರೆ ಅಂತ ಹೆದರಿಕೆ. ಇನ್ನೂ ತೀರ್ಮಾನ ಮಾಡಿಲ್ಲ. ಇಂಥ ತೀರ್ಮಾನಕ್ಕೆ ಡಾಕ್ಟರ ಜೊತೆ ಎರಡು ಸಲ ಕೂತು ಮಾತಾಡಬೇಕಾಗುತ್ತದೆ, ಪ್ರತಿ ಸಲಕ್ಕೂ ಒಂದು ದಿನದ ದುಡಿಮೆ ಬಿಟ್ಟು ಹುಬ್ಬಳ್ಳಿಗೆ ಹೋಗಬೇಕು. ಗದಗಕ್ಕೂ ಹಾವೇರಿಗೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿವೆ. ಸಂಧಿವಾತದ ತಜ್ಞರು ತಿಂಗಳಿಗೆ ಎರಡು ದಿನವಾದರೂ ಜಿಲ್ಲೆಯಲ್ಲೇ ಕೂರುವ ವ್ಯವಸ್ಥೆ ಆಗಲಿ, ಮನೆಯಲ್ಲಿ ತಗೊಳ್ಳುವ ಇಂಜೆಕ್ಷನ್ನಿಗೂ ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಜಾಗ ಸಿಗಲಿ. ನಮ್ಮ ಶಾಸಕರು ಈ ಕಾಗದ ಓದಿದರೆ ದಯವಿಟ್ಟು ಸದನದಲ್ಲಿ ಒಂದು ಪ್ರಶ್ನೆ ಕೇಳಲಿ.

ಸಂಪಾದಕರೇ, ಅಕ್ಟೋಬರ್ 12 ವಿಶ್ವ ಸಂಧಿವಾತ ದಿನ. ಆಗ ಮತ್ತೆ ಈ ವಿಷಯ ಬರೆಯಿಸುತ್ತೀರಿ. ಪೂರ್ತಿ ಗುಣ ಆದವರನ್ನು ಮಾತಾಡಿಸಿ, ಅವರಿಂದ ಧೈರ್ಯ ಸಿಗುತ್ತದೆ. ಜೊತೆಗೆ ನಮ್ಮನ್ನೂ ಮಾತಾಡಿಸಿ. ವರದಿಗಾರರು ಬೆಟಗೇರಿಗೆ ಬಂದರೆ ನಾನೇ ಸಿಗುತ್ತೇನೆ. ಹನ್ನೊಂದು ಗಂಟೆ ಮೇಲೆ ಬರಲಿ, ಬೆಳಿಗ್ಗೆ ಕಾಲು ಬಿಡಿಸಿಕೊಳ್ಳೋಕೆ ನನಗೆ ಅಷ್ಟು ಹೊತ್ತು ಬೇಕು.

ಇಂತಿ ನಿಮ್ಮ ಓದುಗಳು,
ಬೆಟಗೇರಿ, ಗದಗ