ಅಡಿಕೆ ಸಸಿಯ ಬಿಲ್ಲಲ್ಲಿ ತಳಿಯ ಹೆಸರು ಇರ್ಲಿ

ಸಂಪಾದಕರಿಗೆ ನಮಸ್ಕಾರ.

ಕೇಂದ್ರ ತರ್ಲಿಕ್ಕೆ ಹೊರಟ ಹೊಸ ಬೀಜ ಮಸೂದೆ ಬಗ್ಗೆ ಪೇಪರಲ್ಲಿ ಬರುವುದೆಲ್ಲ ಹತ್ತಿ, ಮೆಕ್ಕೆಜೋಳ, ಮೆಣಸು, ಹೆಚ್ಚೆಂದ್ರೆ ಭತ್ತ. ಕಾಸರಗೋಡಿನ ತೋಟದವರು ನಾವು ಅದನ್ನು ನೋಡಿ ಪುಟ ತಿರುಗಿಸ್ತೇವೆ, ಯಾಕಂದ್ರೆ ನಮಗೆ ಬೀಜ ಅಂದ್ರೆ ಕಪ್ಪು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಪಿಕಪ್ ಹತ್ತಿ ಬರುವ ಸಸಿ, ಅದಕ್ಕೂ ದೆಹಲಿಯ ಕಾನೂನಿಗೂ ಎಂತ ಸಂಬಂಧ ಅಂತ. ನಾನೂ ಹಾಗೇ ಇದ್ದೆ, ಪೆಟ್ಟು ತಿಂದ ಮೇಲೆ ಓದ್ಲಿಕ್ಕೆ ಶುರು ಮಾಡಿದ್ದು.

2018ರ ಮಳೆಗಾಲದಲ್ಲಿ ಗಡಿ ದಾಟಿ ಕರ್ನಾಟಕದ ಕಡೆಯ ಒಂದು ನರ್ಸರಿಯಿಂದ 250 ಅಡಿಕೆ ಸಸಿ ತಂದೆ. ಇಂಟರ್ ಮಂಗಳ, ಅಂದ್ರೆ ಮಂಗಳ ಅಡಿಕೆಯಿಂದಲೇ ಬಂದ ತಳಿ, ಅಂತ ಹೇಳಿ ಕೊಟ್ಟದ್ದು. ನಾಲ್ಕನೇ ವರ್ಷಕ್ಕೆ ಹಿಂಗಾರ, ಅಂದ್ರೆ ಅಡಿಕೆಯ ಹೂಗೊಂಚಲು, ಬರ್ತದೆ ಅಂದಿದ್ರು, ಐದಾಯ್ತು, ಆರಾಯ್ತು, ಗಿಡ ಊರ ಅಡಿಕೆಯ ಹಾಗೆ ಉದ್ದುದ್ದ ಹೋಯ್ತೇ ಹೊರತು ಸಿಂಗಾರವೂ ಇಲ್ಲ ಬಂಗಾರವೂ ಇಲ್ಲ, ಈಗ ಏಳು ದಾಟಿದ ಮೇಲೆ ನಾಲ್ಕರಲ್ಲಿ ಒಂದು ಮರದಲ್ಲಿ ಕಾಯಿ ಉಂಟು, ಅದೂ ಒಂದೊಂದು ಮರದ್ದು ಒಂದೊಂದು ಗಾತ್ರ. ಅಷ್ಟು ವರ್ಷದ ಗೊಬ್ಬರ, ಬೋರ್ಡೋ ಮದ್ದು, ಬೇಸಿಗೆಯ ನೀರು ಎಲ್ಲ ಮಣ್ಣಿಗೆ.

ಬಿಲ್ಲು ಜಾಗ್ರತೆಯಲ್ಲಿ ಇಟ್ಟಿದ್ದೆ ಮಾರಾಯ್ರೇ, ಅದೊಂದು ಹೆಮ್ಮೆ ಇತ್ತು ನನಗೆ. ಹುಡುಕಿ ತೆಗೆದು ನೋಡಿದ್ರೆ ಅದರಲ್ಲಿ ‘ಅಡಿಕೆ ಗಿಡ 250’ ಅಂತ ಒಂದೇ ಗೆರೆ. ತಳಿಯ ಹೆಸರಿಲ್ಲ, ಬೀಜದಡಿಕೆ ಯಾವ ತೋಟದ್ದು ಅಂತ ಇಲ್ಲ, ನರ್ಸರಿಯ ರಬ್ಬರ್ ಸ್ಟಾಂಪು ಕೂಡ ಅರ್ಧ ಮಾತ್ರ ಬಿದ್ದದ್ದು. ಇಲ್ಲಿಯ ಆಫೀಸಿನಲ್ಲಿ ಕೇಳಿದ್ರೆ ನೀವು ತಂದದ್ದು ಬೇರೆ ರಾಜ್ಯದಿಂದ ಅಲ್ವಾ ಅಂದ್ರು, ಆಚೆ ಹೋಗಿ ಕೇಳಿದ್ರೆ ನಿಮ್ಮ ತೋಟ ಇರುವುದು ಕೇರಳದಲ್ಲಿ ಅಲ್ವಾ ಅಂದ್ರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಹಣೆಬರಹವೇ ಇದು, ಅದಕ್ಕೆ ಹೊಸದಾಗಿ ಬೇಜಾರು ಮಾಡ್ಲಿಕ್ಕಿಲ್ಲ.

ಮತ್ತೆ ಕಾನೂನು ನೋಡಿದೆ. ಈಗ ಇರುವುದು 1966ರ ಬೀಜ ಕಾಯ್ದೆ. ಅದರಲ್ಲಿ ಆಹಾರ ಬೆಳೆ, ಹತ್ತಿ, ಮೇವು, ಸೆಣಬು ಅಂತೆಲ್ಲ ಹೆಸರು ಹಿಡಿದು ಹೇಳಿದ್ದಾರೆ, ತೋಟದ ಬೆಳೆ ಅಂತ ಹುಡುಕಿದ್ರೆ ಸಿಗುವುದಿಲ್ಲ. ಅದರಲ್ಲಿ ಬರುವ ಬೆಳೆಗಾದ್ರೂ ಮೊದಲ ಸಲದ ತಪ್ಪಿಗೆ ದಂಡ ಎಷ್ಟು ಗೊತ್ತುಂಟಾ, 500 ರೂಪಾಯಿ ವರೆಗೆ! ಇವತ್ತು ಗೊನೆ ತೆಗೆಯುವವನ ಒಂದು ದಿನದ ಸಂಬಳಕ್ಕೂ ಸಾಲುವುದಿಲ್ಲ ಅದು. 2004ರಲ್ಲಿ ಹೊಸ ಮಸೂದೆ ತಂದ್ರು, ಪಾಸಾಗ್ಲಿಲ್ಲ, 2019ರಲ್ಲಿ ಮತ್ತೊಂದು ಕರಡು ಬಂತು, ಅದೂ ಅಲ್ಲಿಗೇ ನಿಂತಿತು. 2025ರ ನವೆಂಬರಿನಲ್ಲಿ ಕೇಂದ್ರ ಬಿಟ್ಟ ಕರಡಿನಲ್ಲಿ ದೊಡ್ಡ ತಪ್ಪಿಗೆ 30 ಲಕ್ಷದ ವರೆಗೆ ದಂಡ, ಮೂರು ವರ್ಷದ ವರೆಗೆ ಜೈಲು, ಚೀಲದ ಮೇಲೆ ಕ್ಯೂಆರ್ ಕೋಡ್, ನರ್ಸರಿಯವರಿಗೂ ರಿಜಿಸ್ಟ್ರೇಶನ್ ಅಂತ ಉಂಟು. ಡಿಸೆಂಬರ್ 11ರ ವರೆಗೆ ಅಭಿಪ್ರಾಯ ಕೇಳಿದ್ರು. ನಮ್ಮ ಕಡೆಯಿಂದ ಎಷ್ಟು ಜನ ಬರೆದಿದ್ದಾರೋ, ನಾನಂತೂ ಬರೀಲಿಲ್ಲ, ಆಗ ಅಡಿಕೆ ಕೊಯ್ಲು.

ನರ್ಸರಿಗೆ ರಿಜಿಸ್ಟ್ರೇಶನ್ ಒಳ್ಳೆಯದೇ. ಆದ್ರೆ ಗೋಡೆಗೆ ಸರ್ಟಿಫಿಕೇಟ್ ತೂಗ್ಲಿಕ್ಕೆ ಮಾತ್ರ ಆದ್ರೆ ನಮಗೆ ಪ್ರಯೋಜನ ಇಲ್ಲ. ಭತ್ತದ ಬೀಜ ಸರಿ ಉಂಟಾ ಅಂತ ಹಾಕಿದ ಎರಡು ವಾರದಲ್ಲಿ ಗೊತ್ತಾಗ್ತದೆ, ನೂರರಲ್ಲಿ ಎಂಬತ್ತು ಮೊಳಕೆ ಬರ್ಬೇಕು ಅಂತ ಲೆಕ್ಕವೂ ಉಂಟು. ತೆಂಗಿನಲ್ಲಾದ್ರೂ ಗುರುತು ಉಂಟು, ಕೇಸರಿ ಗಿಡ್ಡ ತಳಿಯ ತಾಯಿಗೆ ಎತ್ತರದ ತಳಿಯ ಪರಾಗ ಹಾಕಿ ಮಾಡಿದ ಚಂದ್ರಸಂಕರದ ಸಸಿಯ ದಂಟು ಕೇಸರಿಯಾಗಿಯೇ ಉಳಿದ್ರೆ ಕ್ರಾಸ್ ಆಗ್ಲಿಲ್ಲ ಅಂತ ಅರ್ಥ, ನರ್ಸರಿಯಲ್ಲೇ ಕಿತ್ತು ಬಿಸಾಡ್ಬಹುದು. ಅಡಿಕೆ ಸಸಿಯಲ್ಲಿ ನಮ್ಮಂಥವರ ಕಣ್ಣಿಗೆ ಅಂಥದ್ದೆಂತದೂ ಕಾಣುವುದಿಲ್ಲ. ಮಂಗಳ ತಳಿ 1972ರಲ್ಲೇ ಬಿಡುಗಡೆ ಆದದ್ದು, ಆದ್ರೆ ಅಡಿಕೆಗೆ ಪಕ್ಕದ ಮರದ ಪರಾಗವೂ ಬಂದು ಸೇರ್ತದೆ, ಹಾಗಾಗಿ ಬೇರೆ ಬೇರೆ ತಳಿ ಇರುವ ತೋಟದ ಮಂಗಳ ಮರದಿಂದ ಹಣ್ಣಡಿಕೆ ಹೆಕ್ಕಿ ತಂದು ತೊಟ್ಟೆಗೆ ಹಾಕಿದ್ರೆ ತಾಯಿ ಮಂಗಳ, ಅಪ್ಪ ಯಾರೋ. ಮೋಸ ಮಾಡ್ಬೇಕು ಅಂತಲೇ ಇಲ್ಲ, ಉದಾಸೀನ ಸಾಕು. ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಮನೆ ಬಾಗಿಲಲ್ಲೇ ಉಂಟು ನಿಜ, ಅಲ್ಲಿಂದ ಬೇಕಾದಷ್ಟು ಸಸಿ ಬೇಕಾದಾಗ ಸಿಗುವುದಾದ್ರೆ ನಾನು ಗಡಿ ಯಾಕೆ ದಾಟ್ತಿದ್ದೆ.

ಹಾಗಾಗಿ ಸಸಿಯ ಬಿಲ್ಲಿನಲ್ಲಿ ತಳಿ, ತಾಯಿ ಮರದ ತೋಟ, ಬೀಜ ಹಾಕಿದ ತಿಂಗಳು ಬರೆಯುವುದು ಕಡ್ಡಾಯ ಆಗ್ಬೇಕು, ಆ ದಾಖಲೆ ನರ್ಸರಿಯವ ಕನಿಷ್ಠ ಎಂಟು ವರ್ಷ ಇಡ್ಬೇಕು, ಮತ್ತೆ ದೂರು ತೋಟ ಇರುವ ಊರಿನಲ್ಲೇ ತಗೊಳ್ಬೇಕು. ಕೋರ್ಟಿಗೆ ಹೋಗ್ಬಹುದಲ್ಲಾ ಅಂತ ನೀವು ಕೇಳ್ಬಹುದು. ಹೋಗ್ಬಹುದು, ರಾಷ್ಟ್ರೀಯ ಬೀಜ ನಿಗಮದ ಮೇಲೆ ಆಂಧ್ರದ ರೈತರು ಹಾಕಿದ ಕೇಸಿನಲ್ಲಿ 2012ರಲ್ಲಿ ಸುಪ್ರೀಂ ಕೋರ್ಟು ರೈತನೂ ಗ್ರಾಹಕನೇ ಅಂತ ಹೇಳಿತು, ಬಿತ್ತುವವ ಟೆಸ್ಟಿಗೆ ಬೇಕು ಅಂತ ಬೀಜ ತೆಗೆದಿಡ್ಬೇಕು ಅನ್ನುವುದೂ ಸರಿಯಲ್ಲ ಅಂದಿತು. ಅದು ಓದಿ ಖುಷಿ ಆಯ್ತು. ಆದ್ರೆ ಇಂಥ ತಳಿ ಅಂತ ಹೇಳಿಯೇ ಕೊಟ್ಟದ್ದು ಅನ್ಲಿಕ್ಕಾದ್ರೂ ಒಂದು ಕಾಗದ ಬೇಡ್ವಾ.

ಕ್ಯೂಆರ್ ಕೋಡಿನ ವಿಷಯ ಒಂದು. ನಮ್ಮ ಮನೆಯವಳು ಅಲಸಂಡೆ ಬೀಜದ ಪ್ಯಾಕೆಟ್ ತಂದ್ರೆ ಅದರಲ್ಲಿ ಇಂಗ್ಲಿಷು, ಮಲಯಾಳ, ಇರುವೆ ಸಾಲಿನಷ್ಟು ಸಣ್ಣ ಅಕ್ಷರ. ಲಾಟ್ ನಂಬರ್ ಇರುವ ಮೂಲೆಯನ್ನೇ ಕತ್ತರಿಯಲ್ಲಿ ಕತ್ತರಿಸಿ ಬಚ್ಚಲ ಒಲೆಗೆ ಹಾಕಿದ್ದಾಳೆ, ಮೊಳಕೆ ಬರದಾಗ ಹುಡುಕಿದ್ರೆ ಬೂದಿ. ಅವಳ ತಪ್ಪಲ್ಲ, ಅದು ಎಂತ ಅಂತ ಅವಳಿಗೆ ಓದ್ಲಿಕ್ಕಾಗುವ ಭಾಷೆಯಲ್ಲಿ ಬರೆದಿರ್ಲಿಲ್ಲ. ಕೋಡ್ ಸ್ಕ್ಯಾನ್ ಮಾಡಿದ್ರೂ ಕನ್ನಡ ಬರದಿದ್ರೆ ಕಥೆ ಅದೇ.

ಇನ್ನು ಬಿಗಿ ಮಾಡುವಾಗ ತಪ್ಪಿದವರ ಕುತ್ತಿಗೆಗೆ ಮಾತ್ರ ಹಗ್ಗ ಬೀಳ್ಬೇಕು, ಬೀಜ ಉಳಿಸುವ ರೈತರ ಕುತ್ತಿಗೆಗೆ ಅಲ್ಲ. ನಮ್ಮ ಬೆಳೇರಿ ಸತ್ಯನಾರಾಯಣರು 650ಕ್ಕಿಂತ ಹೆಚ್ಚು ಭತ್ತದ ತಳಿ ಉಳಿಸಿದ್ದಕ್ಕೆ 2024ರಲ್ಲಿ ಪದ್ಮಶ್ರೀ ಬಂತು. ರೈತ ಬೀಜ ಇಟ್ಟುಕೊಳ್ಳುವುದು, ಹಂಚುವುದು, ಮಾರುವುದು ಎಲ್ಲ 2001ರ ತಳಿ ಸಂರಕ್ಷಣೆ ಕಾಯ್ದೆಯಲ್ಲೂ ಉಂಟು, ಹೊಸ ಕರಡಿನಲ್ಲೂ ಉಂಟು, ಬ್ರ್ಯಾಂಡ್ ಹೆಸರಿನಲ್ಲಿ ಮಾರ್ಬಾರ್ದು ಅಷ್ಟೇ. ಆದ್ರೆ ಕೇರಳದ ಸ್ವಸಹಾಯ ಗುಂಪು ಕುಟುಂಬಶ್ರೀಯ ಹೆಂಗಸರು ಮುಳ್ಳುಸೌತೆ ಬೀಜ ಕವರಿಗೆ ಹಾಕಿ ತಮ್ಮ ಗುಂಪಿನ ಹೆಸರಿನ ಸ್ಟಿಕ್ಕರ್ ಅಂಟಿಸಿದ್ರೆ ಅದು ಬ್ರ್ಯಾಂಡ್ ಆಗ್ತದಾ? ಇದನ್ನು ಕಾನೂನಿನಲ್ಲೇ ಬಿಡಿಸಿ ಬರೆದ್ರೆ ಒಳ್ಳೆಯದು, ಇಲ್ಲದಿದ್ರೆ ಇನ್ಸ್‌ಪೆಕ್ಟರಿಗೆ ಮೊದಲು ಕಣ್ಣಿಗೆ ಬೀಳುವುದು ಅವರೇ.

ಮೊನ್ನೆ ಆ ದಾರಿಯಲ್ಲಿ ಬರುವಾಗ ನೋಡಿದೆ, ಅದೇ ನರ್ಸರಿಯ ಮುಂದೆ ಸಸಿ ತುಂಬಿಸ್ತಾ ಎರಡು ಪಿಕಪ್ ನಿಂತಿತ್ತು. ಎರಡೂ ಕೆಎಲ್ 14, ನಮ್ಮ ಕಾಸರಗೋಡಿನ ನಂಬರು.

ಒಬ್ಬ ಅಡಿಕೆ ಕೃಷಿಕ, ಬದಿಯಡ್ಕ