ಹಣ್ಣು ಬಿಡಿಸುವ ಕೈ

ಈ ಸಂಚಿಕೆಯ ಸಂಪಾದಕೀಯವನ್ನು ಮದ್ದೂರು ತಾಲ್ಲೂಕಿನ ನಮ್ಮೂರಿನ ಮನೆಯ ಜಗಲಿಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಮಕ್ಕಳಿಗೆ ಬೇಸಿಗೆ ರಜೆ ಆರಂಭವಾದ ವಾರವೇ ಊರಿಗೆ ಬಂದೆವು; ನಾಲ್ಕು ತಿಂಗಳು ನಮ್ಮೊಡನೆ ಇಂಗ್ಲೆಂಡಿನಲ್ಲಿದ್ದ ಅಮ್ಮನೂ ಜೊತೆಯಲ್ಲೇ ಹಿಂದಿರುಗಿದರು. ಬಂದ ಮೂರನೆಯ ದಿನ ಅಕ್ಕಪಕ್ಕದ ಮನೆಯವರೆಲ್ಲ ಸೇರಿ, ಅಲ್ಲಿ ಏನೇನು ನೋಡಿಕೊಂಡು ಬಂದಿರಿ ಎಂದು ಕೇಳಿದಾಗ, ಅಮ್ಮ ಲಂಡನ್ನಿನ ಸೇತುವೆಯ ಸುದ್ದಿಯನ್ನಾಗಲಿ ಅರಮನೆಯ ಸುದ್ದಿಯನ್ನಾಗಲಿ ಮೊದಲು ಎತ್ತಲಿಲ್ಲ. "ಒಂದ್ ಹೊಲಕ್ಕೆ ಹೋಗಿದ್ವಿ ಕಣವ್ವ, ಕಾಸು ಕೊಟ್ಟು ನಾವೇ ಹಣ್ಣು ಬಿಡಿಸ್ಕೊಂಡು ಬರೋ ಹೊಲ" ಎಂದು ಶುರು ಮಾಡಿದರು. ಪಕ್ಕದ ಮನೆಯ ದೊಡ್ಡಮ್ಮನಿಗೆ ಇದು ಅರ್ಥವಾಗಲಿಲ್ಲ. "ಕೆಲ್ಸಾನೂ ನೀವೇ ಮಾಡಿ, ದುಡ್ಡೂ ನೀವೇ ಕೊಟ್ರಾ?" ಎಂದು ಕೇಳಿದರು.

ಜೂನ್ ತಿಂಗಳಿನಲ್ಲಿ ಇಂಗ್ಲೆಂಡಿನ ನಮ್ಮ ಕನ್ನಡ ಸಂಘದ ಕುಟುಂಬಗಳೆಲ್ಲ ಕೂಡಿ ಸ್ಟ್ರಾಬೆರಿ ಹೊಲಕ್ಕೆ ಹೋಗಿದ್ದ ಆ ದಿನದ ಚಿತ್ರಗಳು ಒಳಪುಟಗಳಲ್ಲಿವೆ. ದೊಡ್ಡಮ್ಮನ ಪ್ರಶ್ನೆಗೆ ಉತ್ತರ ಹೇಳುವುದಕ್ಕೆ ಹೊರಟರೆ ಆ ದಿನ ನಮಗೆ ಏನು ಸಿಕ್ಕಿತು ಎಂಬುದನ್ನೂ ಹೇಳಬೇಕಾಗುತ್ತದೆ.

ಮಾವು, ಬಾಳೆ, ಸಪೋಟಗಳನ್ನು ನಾವು ಬಲಿತ ಕಾಯಿಯಾಗಿ ಇಳಿಸಿ, ಹುಲ್ಲಿನಲ್ಲೋ ಅಕ್ಕಿಯ ಡಬ್ಬದಲ್ಲೋ ಹಣ್ಣಿಗೆ ಹಾಕುತ್ತೇವೆ. ಕಾಯಿ ತಾನೇ ಹೊರಬಿಡುವ ಎಥಿಲೀನ್ ಎಂಬ ಅನಿಲ ಒಳಗೇ ಉಳಿದು, ಪಿಷ್ಟವೆಲ್ಲ ಸಕ್ಕರೆಯಾಗಿ, ಮೂರು ನಾಲ್ಕು ದಿನಗಳಲ್ಲಿ ಮನೆಯೆಲ್ಲ ಘಮಘಮಿಸುತ್ತದೆ. ಸ್ಟ್ರಾಬೆರಿಗೆ ಈ ಗುಣವಿಲ್ಲ. ಗಿಡದಲ್ಲಿ ಎಷ್ಟು ಹಣ್ಣಾಯಿತೋ ಅಷ್ಟೇ ಅದರ ಸಿಹಿ. ಕಿತ್ತ ಮೇಲೆ ಬಣ್ಣ ಸ್ವಲ್ಪ ಏರಬಹುದು, ಮೆತ್ತಗಾಗಬಹುದು, ಸಿಹಿ ಮಾತ್ರ ಏರುವುದಿಲ್ಲ. ಹಣ್ಣಾದ ಮೇಲೆ ಅದು ಹೆಚ್ಚು ದಿನ ತಾಳುವುದೂ ಇಲ್ಲ. ಆದ್ದರಿಂದ ದೂರದ ಅಂಗಡಿಗಳಿಗೆ ಕಳುಹಿಸುವವರು ಅದನ್ನು ಇನ್ನೂ ಗಟ್ಟಿಯಾಗಿರುವಾಗಲೇ ಕೀಳಬೇಕಾಗುತ್ತದೆ. ಚಳಿಗಾಲದಲ್ಲಿ ಮಹಾಬಲೇಶ್ವರದಿಂದ ಬರುವ, ಮೈಸೂರಿನ ಹಣ್ಣಿನಂಗಡಿಗಳಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಕಾಣುವ ಸ್ಟ್ರಾಬೆರಿಯನ್ನು ತಿಂದು "ಇಷ್ಟೇನಾ, ಹುಳಿ" ಎಂದು ಮುಖ ಕಿವಿಚಿದ ನಮ್ಮ ಬಂಧುಗಳು ಹಲವರಿದ್ದಾರೆ. ತೊಟ್ಟಿನ ಬುಡದವರೆಗೂ ಕೆಂಪಾದ, ಬಿಸಿಲಿಗೆ ಬೆಚ್ಚಗಾದ ಹಣ್ಣನ್ನು ಹೊಲದಲ್ಲೇ ನಿಂತು ಬಾಯಿಗಿಟ್ಟುಕೊಂಡವರು ಹಾಗೆ ಹೇಳಲಾರರು. ನಾವು ಹಣ ಕೊಟ್ಟದ್ದು ಆ ಒಂದೆರಡು ದಿನದ ಮಾಗುವಿಕೆಗೆ ಎಂದು ದೊಡ್ಡಮ್ಮನಿಗೆ ಹೇಳಿದೆ.

ನಾವು ಹೋದ ಹೊಲದಲ್ಲಿ ಎರಡು ಬಗೆಯ ಸಾಗುವಳಿಯಿತ್ತು. ಒಂದು ಕಡೆ ಹಳೆಯ ಪದ್ಧತಿಯಂತೆ ನೆಲದ ಮೇಲೆ ಏರು ಮಾಡಿ, ಹಣ್ಣು ಮಣ್ಣಿಗೆ ತಾಗಿ ಕೊಳೆಯದಂತೆ ಗಿಡದ ಬುಡಕ್ಕೆ ಒಣಹುಲ್ಲು ಹಾಸಿದ ಸಾಲುಗಳು. ಇನ್ನೊಂದು ಕಡೆ ಪಾಲಿಥೀನ್ ಹೊದಿಸಿದ ಕಮಾನುಗಳ ಕೆಳಗೆ, ಸೊಂಟದೆತ್ತರದ ಅಟ್ಟಣೆಯ ಮೇಲೆ ಉದ್ದುದ್ದ ಚೀಲಗಳನ್ನಿಟ್ಟು, ಅವುಗಳಲ್ಲಿ ಗಿಡ ನೆಟ್ಟು, ಸಣ್ಣ ಕೊಳವೆಗಳಿಂದ ನೀರುಗೊಬ್ಬರ ಹನಿಸುತ್ತಿದ್ದರು. ಮಂಡಿನೋವಿನ ಅಮ್ಮನಿಗೆ ಈ ಎರಡನೆಯದು ಅನುಕೂಲವಾಯಿತು. ಅಟ್ಟಣೆಯ ಮುಂದೆ ನಿಂತ ಅವರು ಹಣ್ಣಿಗೆ ಕೈಹಾಕುವ ಮೊದಲು ಚೀಲದ ಬಾಯಿಗೆ ಬೆರಳಿಟ್ಟು, ಒಳಗಿದ್ದುದನ್ನು ಒಂದು ಚಿಟಿಕೆ ತೆಗೆದು, ಹೆಬ್ಬೆರಳಿನಿಂದ ಉಜ್ಜಿ, ಮೂಸಿ ನೋಡಿದರು. "ಇದು ತೆಂಗಿನ ನಾರಿನ ಪುಡಿ ಅಲ್ವಾ?" ಎಂದರು. ಹೌದು. ಇಂಗ್ಲೆಂಡಿನ ಸ್ಟ್ರಾಬೆರಿ ಈಗ ಬಹುಪಾಲು ಬೆಳೆಯುವುದು ಭಾರತ, ಶ್ರೀಲಂಕಾಗಳಿಂದ ಹಡಗಿನಲ್ಲಿ ಬರುವ ತೆಂಗಿನ ನಾರಿನ ಪುಡಿಯಲ್ಲಿ. ಇಷ್ಟು ವರ್ಷ ಅಲ್ಲಿಗೆ ಹೋಗಿಬಂದಿದ್ದರೂ ನಾನು ಅದನ್ನು ಗಮನಿಸಿರಲಿಲ್ಲ. ಹಿತ್ತಲಿನಲ್ಲಿ ಮಟ್ಟೆ ಸುಲಿದು ಒಲೆಗೆ ಹಾಕುತ್ತ ಬಂದ ಕೈ ಮುಟ್ಟಿದ ಕೂಡಲೇ ಗುರುತಿಸಿತು.

ಮಗಳು ಹಣ್ಣನ್ನು ಮುಷ್ಟಿಯಲ್ಲಿ ಹಿಡಿದು ಎಳೆಯುತ್ತಿದ್ದಳು. ಹಾಗೆ ಎಳೆದರೆ ಹಣ್ಣು ನಜ್ಜುಗುಜ್ಜಾಗುತ್ತದೆ, ಇಲ್ಲವೆ ಹಸಿರು ತೊಟ್ಟು ಗಿಡದಲ್ಲೇ ಉಳಿದು ಹಣ್ಣು ಮಾತ್ರ ಕೈಗೆ ಬರುತ್ತದೆ. ತೊಟ್ಟು ಕಳಚಿದ ಹಣ್ಣು ಸಂಜೆಯೊಳಗೆ ನೀರೊಡೆಯುತ್ತದೆ. "ಹಂಗೆ ಎಳೀಬ್ಯಾಡ ಕಣ್ ಮಗ, ಉಗುರ್ನಲ್ಲಿ ಚಿವುಟು" ಎಂದು ಅಮ್ಮ ಅವಳ ಕೈ ಹಿಡಿದು ತೋರಿಸಿದರು. ಹಣ್ಣನ್ನು ಮುಟ್ಟದೆ, ಅದರ ಮೇಲಿನ ಎಳೆಯ ಕಡ್ಡಿಯನ್ನು ತೋರುಬೆರಳ ಮೇಲೆ ಒರಗಿಸಿ, ಅರ್ಧ ಬೆರಳಿನಷ್ಟು ಮೇಲೆ ಹೆಬ್ಬೆರಳಿನ ಉಗುರನ್ನು ಒತ್ತಿ, ಮಣಿಕಟ್ಟನ್ನು ಒಂದಿಷ್ಟು ತಿರುಗಿಸುವುದು. ಹಣ್ಣು ಸದ್ದಿಲ್ಲದೆ ಅಂಗೈಗೆ ಬಂದು ಕೂರುತ್ತದೆ. ಹೊಲದವರು ಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದ್ದ ಕ್ರಮವೂ ಅದೇ ಆಗಿತ್ತು. ಆದರೆ ಅಮ್ಮ ಆ ಹಲಗೆಯನ್ನು ಓದಿರಲಿಲ್ಲ. ಅವರು ಕಲಿತದ್ದು ನಲವತ್ತು ವರ್ಷ ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಬಿಡಿಸಿ. ಬಿಸಿಲೇರಿದ ಮೇಲೆ ಬಿಡಿಸಿದರೆ ಸೊಪ್ಪು ಬಾಡುತ್ತದೆ, ಬುಟ್ಟಿಯಲ್ಲಿ ಒತ್ತಿ ತುಂಬಿದರೆ ಕಾವೇರುತ್ತದೆ ಎಂಬ ಅವರ ಎರಡು ಕಟ್ಟಳೆಗಳೂ ಸ್ಟ್ರಾಬೆರಿಗೆ ಹಾಗೆಯೇ ಹೊಂದಿದವು. ಬೆಳಗಿನ ತಂಪಿನಲ್ಲಿ ಬಿಡಿಸಿ, ಆಳವಿಲ್ಲದ ಬುಟ್ಟಿಯಲ್ಲಿ ಎರಡು ಪದರಕ್ಕಿಂತ ಹೆಚ್ಚಿಡದೆ, ತಿನ್ನುವವರೆಗೂ ತೊಳೆಯದೆ ಇಟ್ಟ ನಮ್ಮ ಮನೆಯ ಹಣ್ಣು ಮೂರನೆಯ ದಿನವೂ ಚೆನ್ನಾಗಿತ್ತು.

ಅಮ್ಮ ಬಳಸಿದ 'ಬಿಡಿಸು' ಎಂಬ ಪದದ ಬಗ್ಗೆ ಒಂದು ಮಾತು ಹೇಳಲೇಬೇಕು. ಹೊಲಕ್ಕೆ ಹೊರಡುವಾಗ ನಮ್ಮ ಮಕ್ಕಳೆಲ್ಲರ ಬಾಯಲ್ಲೂ ಇದ್ದದ್ದು "ಸ್ಟ್ರಾಬೆರಿ ಪಿಕ್ ಮಾಡೋಕೆ ಹೋಗ್ತಿದೀವಿ" ಎಂಬ ಮಾತು. ದೊಡ್ಡವರಾದ ನಾವೂ ಅದನ್ನೇ ಹೇಳುತ್ತಿದ್ದೆವು. ಇಂಗ್ಲಿಷಿನ ಆ ಒಂದು ಪದ ಕುಳಿತ ಜಾಗದಲ್ಲಿ ಮಂಡ್ಯದ ರೈತರ ಮನೆಯಲ್ಲಿ ಎಷ್ಟು ಪದಗಳಿವೆ ನೋಡಿ. ಹೂವನ್ನು ಬಿಡಿಸುತ್ತೇವೆ, ರಾಗಿಯನ್ನು ಕೊಯ್ಯುತ್ತೇವೆ, ಕಬ್ಬನ್ನು ಕಡಿಯುತ್ತೇವೆ, ಕಡಲೆಕಾಯಿಯನ್ನು ಕೀಳುತ್ತೇವೆ, ಹುಣಸೆಯನ್ನು ಬಡಿದು ಉದುರಿಸುತ್ತೇವೆ, ಉದುರಿದ ನೇರಳೆಹಣ್ಣನ್ನು ಆಯುತ್ತೇವೆ, ಕೊತ್ತಂಬರಿಯನ್ನು ಚಿವುಟುತ್ತೇವೆ. ಪ್ರತಿ ಪದದೊಳಗೂ ಕೈ ಏನು ಮಾಡಬೇಕು, ಎಷ್ಟು ಬಲ ಹಾಕಬೇಕು ಎಂಬುದು ಅಡಗಿದೆ. ಭಾನುವಾರದ ಕನ್ನಡ ತರಗತಿಯಲ್ಲಿ ಇವನ್ನು ಹಲಗೆಯ ಮೇಲೆ ಬರೆದು ಕಲಿಸಲು ನಾನೇ ಹಿಂದೆ ಪ್ರಯತ್ನಿಸಿದ್ದೆ. ಮಕ್ಕಳು ಬರೆದುಕೊಂಡರು, ಮುಂದಿನ ವಾರಕ್ಕೆ ಮರೆತರು. ಹೊಲದಲ್ಲಿ ಅಜ್ಜಿಯ ಕೈಹಿಡಿತದಲ್ಲಿ ಕಲಿತ 'ಚಿವುಟು', 'ಬಿಡಿಸು' ಎಂಬ ಎರಡು ಪದಗಳನ್ನು ಮಗಳು ಇಂದಿಗೂ ತಪ್ಪಿಲ್ಲದೆ ಬಳಸುತ್ತಿದ್ದಾಳೆ.

ಮರೆಮಾಚಬಾರದ ಒಂದು ಸಂಗತಿಯೂ ಇದೆ. ಅಂದು ನಮ್ಮಲ್ಲಿ ಕೆಲವರ ಮಕ್ಕಳು ಏರುಗಳ ಮೇಲೆ ಓಡಿದರು, ಹೂಬಿಟ್ಟ ಗಿಡಗಳನ್ನು ತುಳಿದರು. ಅರ್ಧ ಕಚ್ಚಿ ಎಸೆದ ಹಣ್ಣುಗಳು ಸಾಲಿನ ನಡುವೆ ಬಿದ್ದಿದ್ದವು. ಬುಟ್ಟಿ ತೂಗುವ ಜಾಗದಲ್ಲಿ ಹೊಲದ ಒಡತಿ ಸೌಜನ್ಯದಿಂದಲೇ ಅದನ್ನು ತಿಳಿಸಿದಾಗ ನನಗೆ ನಿಜವಾಗಿ ಸಂಕಟವಾಯಿತು. ರುಚಿ ನೋಡುವುದಕ್ಕೆ ಯಾರೂ ಬೇಡವೆನ್ನುವುದಿಲ್ಲ. ಬುಟ್ಟಿಗೆ ಹಾಕುವುದಕ್ಕಿಂತ ಬಾಯಿಗೆ ಹಾಕಿಕೊಳ್ಳುವುದೇ ಹೆಚ್ಚಾದ ಕಾರಣದಿಂದಲೇ ಈಗ ಅಲ್ಲಿನ ಅನೇಕ ಹೊಲಗಳು ಪ್ರವೇಶ ಶುಲ್ಕವನ್ನು ಇಟ್ಟಿವೆ. ನಾಲೆಯ ನೀರಿನ ಸರದಿಗಾಗಿ ರಾತ್ರಿ ಲಾಟೀನು ಹಿಡಿದು ಗದ್ದೆ ಕಾದವರ ಮಕ್ಕಳು, ಮೊಮ್ಮಕ್ಕಳು ನಾವು. ಬೆಳೆ ತುಳಿಯುವುದೆಂದರೆ ಏನೆಂದು ನಮಗೆ ಇನ್ನೊಬ್ಬರು ಹೇಳುವಂತಾಗಬಾರದು. ಅಂಗಡಿಗಳಿಗೆ ಹೋಗುವ ಹಣ್ಣನ್ನು ಅದೇ ಊರುಗಳಲ್ಲಿ ದಿನವಿಡೀ ಬಿಡಿಸುವವರು ಆರು ತಿಂಗಳ ವೀಸಾದಲ್ಲಿ ಕಿರ್ಗಿಸ್ತಾನ್, ಉಜ್ಬೇಕಿಸ್ತಾನ್ ಮೊದಲಾದ ದೇಶಗಳಿಂದ ಬಂದ ಕೂಲಿಕಾರರು, ನಮ್ಮ ಕಡೆ ಕಬ್ಬು ಕಡಿಯಲು ಬಳ್ಳಾರಿ ಸೀಮೆಯಿಂದ ಗುಂಪುಗೂಡಿ ಬರುವವರಂತೆ. ಒಂದು ಗಂಟೆ ಬಗ್ಗಿ ನಾಲ್ಕು ಕಿಲೋ ಬಿಡಿಸಿ ಸೊಂಟ ಹಿಡಿದುಕೊಂಡ ನಮ್ಮ ಹಿರಿಯ ಮಕ್ಕಳಿಗೆ ಅವರ ವಿಚಾರ ಹೇಳಿದಾಗ, ಪ್ರಶ್ನೆಗಳು ತಾವಾಗಿಯೇ ಬಂದವು.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆಯೂ ಓದುಗರ ಮುಂದೆಯೂ ಎರಡು ವಿನಂತಿಗಳನ್ನಿಡುತ್ತೇನೆ. ಮುಂದಿನ ವರ್ಷ ಊರಿನಿಂದ ತಂದೆತಾಯಿಗಳನ್ನು ಕರೆಸಿಕೊಳ್ಳುವವರು ಜೂನ್ ತಿಂಗಳು ಅವರು ನಮ್ಮೊಡನೆ ಇರುವಂತೆ ಟಿಕೆಟ್ ಮಾಡಿಸಿ. ಹೊಲದಲ್ಲಿ ಪ್ರತಿ ಸಾಲಿಗೆ ಒಬ್ಬ ಹಿರಿಯರು, ಅವರ ಕೈಕೆಳಗೆ ನಾಲ್ಕೈದು ಮಕ್ಕಳು ಎಂಬಂತೆ ಗುಂಪು ಮಾಡೋಣ. ಮಕ್ಕಳು ಯಾರವರಾದರೂ ಆಗಲಿ. ಅಲ್ಲಿ ಕುರ್ಚಿ ಹಾಕಿಸಿ ಹಿರಿಯರನ್ನು ನೆರಳಿನಲ್ಲಿ ಕೂರಿಸಿ, ಊಟದ ಹೊತ್ತಿಗೆ ಮೊಸರನ್ನದ ಡಬ್ಬಿ ಕೈಗೆ ಕೊಡುವುದು ಗೌರವವೆಂದು ನಾವು ಇದುವರೆಗೆ ತಿಳಿದಿದ್ದೆವು. ಅವರನ್ನು ಸಾಲಿಗೆ ಕರೆದೊಯ್ಯಬೇಕು.

ನಿನ್ನೆ ಮಕ್ಕಳನ್ನು ಅಮ್ಮ ನಮ್ಮ ಹಿಪ್ಪುನೇರಳೆ ತೋಟಕ್ಕೆ ಕರೆದುಕೊಂಡು ಹೋದರು. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆ ಕೊಟ್ಟ ವಿ-1 ತಳಿ, ಅಗಲ ಎಲೆಯದು. ಕಟಾವು ತಡವಾದ ಒಂದು ಮೂಲೆಯಲ್ಲಿ ಹಣ್ಣು ಕಪ್ಪಗೆ ತೂಗುತ್ತಿತ್ತು. ಇದೂ ಸ್ಟ್ರಾಬೆರಿಯ ಹಾಗೇನಾ ಎಂದು ಮಗಳು ಕೇಳಿದಳು. ನನಗೆ ತಿಳಿದಷ್ಟು ಹೇಳಿದೆ: ಸ್ಟ್ರಾಬೆರಿಯಲ್ಲಿ ಒಂದೇ ಹೂವಿನ ತಳ ಉಬ್ಬಿ ಕೆಂಪಾಗುತ್ತದೆ, ಅದರ ಮೈಮೇಲೆ ಅಂಟಿಕೊಂಡ ಬೀಜದಂಥ ಕಾಳುಗಳೇ ಒಂದೊಂದೂ ನಿಜವಾದ ಹಣ್ಣು; ಹಿಪ್ಪುನೇರಳೆಯಲ್ಲಿ ಒಂದೊಂದು ಗುಳ್ಳೆಯೂ ಬೇರೆ ಬೇರೆ ಹೂವಿನದು, ಎಲ್ಲ ಒತ್ತಿ ಕೂಡಿಕೊಂಡು ಒಂದು ಹಣ್ಣಿನಂತೆ ಕಾಣುತ್ತದೆ. ಅವಳು ಅರ್ಧ ಕೇಳಿಸಿಕೊಂಡು ಕೊಂಬೆ ಬಗ್ಗಿಸಿದಳು. "ಅಜ್ಜಿ, ಇದನ್ನ ಚಿವುಟಬೇಕಾ, ಬಿಡಿಸಬೇಕಾ?" "ಕೊಂಬೆ ಅಲ್ಲಾಡ್ಸು ಕೂಸು, ಹಣ್ಣಾಗಿದ್ರೆ ಅದೇ ಉದುರ್ತದೆ" ಎಂದು ಅಮ್ಮ ಸೆರಗು ಹಿಡಿದು ನಿಂತರು.

ಸಂಜೆ ಮನೆಗೆ ಬಂದಾಗ ಇಬ್ಬರು ಮಕ್ಕಳ ಅಂಗೈಯೂ ನೇರಳೆ ಬಣ್ಣವಾಗಿತ್ತು, ಸೋಪಿಗೆ ಹೋಗಲಿಲ್ಲ. ಅಮ್ಮ ಮಡಿಲಿನಿಂದ ನಾಲ್ಕು ಹಸಿರು ಕಾಯಿ ತೆಗೆದು, ಎರಡನ್ನು ಬಚ್ಚಲ ಕಲ್ಲಿನ ಮೇಲೆ ಜಜ್ಜಿ, ಆ ರಸವನ್ನು ಮಗಳ ಅಂಗೈಗೆ ತಿಕ್ಕಿದರು. ಕಲೆ ತೆಳುವಾಗುತ್ತ ಬಂದದ್ದನ್ನು ಕಂಡು ಅವಳು ಉಳಿದೆರಡು ಕಾಯಿಗಳನ್ನು ತಾನೇ ಎತ್ತಿಕೊಂಡು, ತಮ್ಮನ ಕೈ ಹಿಡಿದು ತಿಕ್ಕತೊಡಗಿದಳು.