ಸಿನಿಮಾಕ್ಕೆ ಮೊದಲು ಎರಡು ಸ್ಲೈಡು

ಮಾನ್ಯ ಸಂಪಾದಕರೇ,

ಮೊದಲು ಟೆಂಟಿನಲ್ಲಿ, ಆಮೇಲೆ ಊರಿನ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಓಡಿಸಿ ನಿವೃತ್ತನಾದವನು ನಾನು. ಪ್ರತಿ ವರ್ಷ ಜೂನ್ 5ರ ವಿಶ್ವ ಪರಿಸರ ದಿನದ ಮರುದಿನ ಪತ್ರಿಕೆಗಳಲ್ಲಿ ಒಂದೇ ಬಗೆಯ ಫೋಟೊ ನೋಡುತ್ತೇನೆ: ಒಂದು ಸಸಿ, ಅದರ ಸುತ್ತ ಹತ್ತಾರು ಕೈಗಳು, ಕೆಳಗೆ ‘ಪರಿಸರ ಜಾಗೃತಿ’ ಎಂಬ ಶೀರ್ಷಿಕೆ. ಫೋಟೊದಲ್ಲಿರುವವರೆಲ್ಲ ಅಧಿಕಾರಿಗಳು, ಶಿಕ್ಷಕರು, ಸಾಲಾಗಿ ನಿಲ್ಲಿಸಿದ ಮಕ್ಕಳು. ಕಸಕ್ಕೆ ಬೆಂಕಿ ಹಚ್ಚುವವರು ಅಲ್ಲಿಗೆ ಬರುವುದಿಲ್ಲ.

ಅವರು ಸಿನಿಮಾಕ್ಕೆ ಬರುತ್ತಾರೆ. ಇದು ಸುಪ್ರೀಂ ಕೋರ್ಟಿಗೆ ಆಗಲೇ ಹೊಳೆದಿತ್ತು. ಪರಿಸರದ ಮೊಕದ್ದಮೆಗಳಿಗೆ ಹೆಸರಾದ ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ 1991ರ ನವೆಂಬರ್ 22ರಂದು ಕೊಟ್ಟ ಆದೇಶದಲ್ಲಿ, ಪ್ರತಿ ಪ್ರದರ್ಶನದಲ್ಲೂ ಪರಿಸರದ ಬಗ್ಗೆ ಕನಿಷ್ಠ ಎರಡು ಸ್ಲೈಡುಗಳನ್ನು ಉಚಿತವಾಗಿ ತೋರಿಸಬೇಕು, ಅದು ಲೈಸೆನ್ಸಿನ ಷರತ್ತಾಗಬೇಕು ಎಂದು ನ್ಯಾಯಾಲಯ ಹೇಳಿತ್ತು. ಟೂರಿಂಗ್ ಟಾಕೀಸನ್ನೂ ಬಿಟ್ಟಿರಲಿಲ್ಲ! ಪರಿಸರವನ್ನು ಕಾಲೇಜುಗಳಲ್ಲಿ ಕಡ್ಡಾಯ ವಿಷಯ ಮಾಡುವ ಮಾತೂ ಅದೇ ಆದೇಶದ್ದು. ಆ ವಿಷಯದ ಪರೀಕ್ಷೆಯನ್ನು ನನ್ನ ಮೊಮ್ಮಗಳು ಗೈಡ್ ಓದಿ ಪಾಸು ಮಾಡಿದಳು. ನಮ್ಮ ಬೀದಿಯ ಚರಂಡಿ ಯಾವ ಕೆರೆಗೆ ಸೇರುತ್ತದೆ ಎಂದು ಅವಳನ್ನು ಯಾರೂ ಕೇಳಲಿಲ್ಲ.

ನನ್ನ ಕೈಗೆ ಬಂದ ಪರಿಸರದ ಸ್ಲೈಡುಗಳು ಕೆಲವೇ. ‘ಕಾಡು ಬೆಳೆಸಿ, ನಾಡು ಉಳಿಸಿ’ ಎಂಬಂಥವು, ಎಲ್ಲಿಯೋ ತಯಾರಾದವು. ಬೆಳಕು ಆರುವ ಮೊದಲೇ ಹಾಕುತ್ತಿದ್ದೆವು, ಯಾರೂ ತಲೆ ಎತ್ತುತ್ತಿರಲಿಲ್ಲ. ಆದರೆ ಊರಿನದೇ ಬಟ್ಟೆ ಅಂಗಡಿಯ ಸ್ಲೈಡು ಬಿದ್ದರೆ, ಗಾಜಿನ ಮೇಲೆ ನಮ್ಮ ಸ್ಟುಡಿಯೊದವರು ಬರೆದ ಆ ಸೊಟ್ಟ ಅಕ್ಷರಗಳನ್ನು ನೆಲದ ಮೇಲೆ ಕುಳಿತ ಹುಡುಗರು ಒಟ್ಟಾಗಿ ಗಟ್ಟಿಯಾಗಿ ಓದುತ್ತಿದ್ದರು. ಗೊತ್ತಿರುವ ಹೆಸರು, ಗೊತ್ತಿರುವ ಬೀದಿ, ಅಷ್ಟೇ ಕಾರಣ.

ಈಗಲೂ ಚಿತ್ರ ಶುರುವಾಗುವ ಮುನ್ನ ಮತ್ತು ಮಧ್ಯಂತರದ ನಂತರ ತಂಬಾಕಿನ ಎಚ್ಚರಿಕೆ ತಪ್ಪದೆ ಬರುತ್ತದೆ, ಮಕ್ಕಳಿಗೂ ಬಾಯಿಪಾಠ. ಪರಿಸರದ ಎರಡು ಸ್ಲೈಡುಗಳು ಮಾತ್ರ ನಮ್ಮೂರಿನ ಪರದೆಯ ಮೇಲೆ ಕಾಣುವುದಿಲ್ಲ.

ಚಿತ್ರಮಂದಿರಕ್ಕೆ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿಗಳು. ನವೀಕರಣದ ಹೊತ್ತಿನಲ್ಲಿ ಈ ಷರತ್ತನ್ನು ಅವರು ಕೇಳಬಹುದು. ಸ್ಲೈಡಿನ ಒಕ್ಕಣೆಯನ್ನು ಆಯಾ ಊರಿನ ಪುರಸಭೆಯೇ ಬರೆಯಲಿ: ಒಣ ಕಸದ ಗಾಡಿ ಯಾವ ವಾರ ಬರುತ್ತದೆ, ಗಣೇಶನನ್ನು ಯಾವ ತೊಟ್ಟಿಯಲ್ಲಿ ಬಿಡಬೇಕು, ಸಂಜೆ ಪ್ಲಾಸ್ಟಿಕ್ ಸುಟ್ಟರೆ ಆ ಹೊಗೆ ಯಾವ ಶಾಲೆಯ ಕಡೆಗೆ ಹೋಗುತ್ತದೆ. ಈಗ ಗಾಜೂ ಬೇಡ, ಬಣ್ಣವೂ ಬೇಡ; ಕಂಪ್ಯೂಟರಿನಲ್ಲಿ ಅರ್ಧ ಗಂಟೆಯ ಕೆಲಸ. ಚಿತ್ರಮಂದಿರಗಳೇ ಖಾಲಿ ಹೊಡೆಯುತ್ತಿವೆ ಎನ್ನುವವರು ದೊಡ್ಡ ನಟನ ಚಿತ್ರ ಬಿಡುಗಡೆಯಾದ ದಿನ ಒಮ್ಮೆ ಬಂದು ನೋಡಲಿ. ಆ ಒಂದು ವಾರವಾದರೂ ತೋರಿಸಿ. ಬರೆದುಕೊಡಲು ಯಾರೂ ಸಿಗದಿದ್ದರೆ ನಾನಿದ್ದೇನೆ, ಸಂಬಳ ಬೇಡ.

– ನಿವೃತ್ತ ಪ್ರೊಜೆಕ್ಟರ್ ಆಪರೇಟರ್, ತುಮಕೂರು ಜಿಲ್ಲೆ